ಅಜ್ಜಾರ ಸಾಲಿ, ಸರಕಾರದ ಪಗಾರ

ನಮ್ಮ ಸಾಲ್ಯಾಗ ಎಲ್ಲಾದಕ್ಕೂ ಟೈಮ್ ಟೇಬಲ್ ಐತ್ರಿ, ನಗೂದಕ್ಕೊಂದು ಬಿಟ್ಟು. ಅದು ಯಾವ ಪಿರಿಯಡ್‌ನ್ಯಾಗ ಬೇಕಾದ್ರೂ ಬರತೈತಿ, ಬಾಗಲಾ ಬಡಿಯದ ಒಳಗ ಬರತೈತಿ. ಒಂದು ವಾರ ಬರಲಿಲ್ಲಂದ್ರ ನಮ್ಮ ಹೆಡ್ ಮಾಸ್ತರಿಗೇ ಚಿಂತಿ ಹತ್ತತೈತಿ, "ಯಾಕೋ ಸಾಲಿ ಬಿಕೋ ಅನ್ನಾಕತ್ತೈತಲ್ಲ ಅಕ್ಕೋರ" ಅಂತಾರ.

ಮೊದಲ ಸಾಲಿ ಎಂಥಾದ್ದು ಅಂತ ಹೇಳಿಬಿಡತೇನಿ. ಇಲ್ಲಂದ್ರ ಮಾತಿನ ಭರಕ್ಕ ನಾನು ಮುಂದ ಓಡಿಬಿಡತೇನಿ, ನೀವು ಬ್ಯಾಡಗಿ ಬಸ್ ಸ್ಟ್ಯಾಂಡಿನ್ಯಾಗ ಉಳಿದುಬಿಡತೀರಿ. ಬ್ಯಾಡಗಿಯಿಂದ ಕಾಗಿನೆಲಿಗೆ ಹೋಗೋ ದಾರ್ಯಾಗ ಒಂದು ಹಳ್ಳಿ. ಅಲ್ಲೊಂದು ಮಠ, ಮಠದ್ದೊಂದು ಹೈಸ್ಕೂಲು. ಜಾಗಾ ಮಠದ್ದು, ಕಟ್ಟಡ ಮಠದ್ದು, ಮಾಸ್ತರ ಪಗಾರ ಸರಕಾರದ್ದು. ಇಂಥಾದಕ್ಕ ಅನುದಾನಿತ ಸಾಲಿ ಅಂತಾರ. ಮಠದ ಸ್ವಾಮಿಗಳಿಗೆ ನಮ್ಮ ಕಡೆ ಅಜ್ಜಾರು ಅಂತಾರ. ಆ ಹೆಸರಿಗೂ ವಯಸ್ಸಿಗೂ ಸಂಬಂಧ ಇಲ್ಲ, ನಿನ್ನೆ ಪಟ್ಟಕ್ಕ ಕುಂತ ಹುಡುಗ ಆದ್ರೂ ಇವತ್ತು ಅಜ್ಜಾರ. ಸಾಲಿ ಕಲಸೋ ಹೆಣಮಕ್ಕಳಿಗೆ ಅಕ್ಕೋರು ಅಂತಾರ. ಆ ಅಕ್ಕೋರು ನಾನು, ಕನ್ನಡ ಕಲಸಾಕಿ.

ಪೂರ್ತಿ ಅಕ್ಕೋರು ಆಗ ಇನ್ನೂ ಆಗಿದ್ದಿಲ್ಲ ಖರೇ. ಮಠದವರು ನನ್ನ ಆರಿಸಿ ತಗೊಂಡಿದ್ರು, ಸರಕಾರ ಒಪ್ಪಿಗಿ ಕೊಡೂದು ಬಾಕಿ ಇತ್ತು. ಒಪ್ಪಿಗಿ ಕೊಡೂಕಿಂತ ಮೊದಲ ಒಬ್ಬ ಸಾಹೇಬ್ರು ಬಂದು ನನ್ನ ಪಾಠ ನೋಡತಾರ, ಸಾಲಿ ನೋಡತಾರ, ಸರಕಾರದ ಅನುದಾನ ತಗೊಂಡು ಹುಡುಗರಿಗೆ ಒತ್ತಾಯದ್ಲೆ ಪೂಜಿ ಪ್ರಾರ್ಥನಿ ಮಾಡಸಾಕತ್ತಾರೇನು ಅಂತನೂ ನೋಡತಾರ. ಎಲ್ಲಾ ಸರಿ ಇತ್ತಂದ್ರ ನಾನು ಪೂರ್ತಿ ಅಕ್ಕೋರು. ಇಲ್ಲಂದ್ರ ಗುತ್ತಲಕ್ಕ ಹೋಗಿ ನಮ್ಮಪ್ಪನ ಕಿರಾಣಿ ಅಂಗಡ್ಯಾಗ ಬೆಲ್ಲ ತೂಗೂದು. ನಾನಂತೂ ಬೆಲ್ಲ ತೂಗಾಕಿ ಅಲ್ಲ ಅಂತ ಗಟ್ಟಿ ಮಾಡ್ಕೊಂಡ ಬಿಟ್ಟಿದ್ದೆ. ಸರಕಾರಕ್ಕ ಅಷ್ಟ ಅದು ಗೊತ್ತಾಗಬೇಕಿತ್ತು.

ಅರ್ಧಾ ದೇವ್ರು

ಇದು ನಾನು ಮಠದ ಸಾಲಿಗೆ ಬರೂಕಿಂತ ಮೊದಲಿನ ಮಾತು. ರಾಣೆಬೆನ್ನೂರಾಗ ಕ್ರಿಶ್ಚನ್ನರ ಒಂದು ಸಾಲ್ಯಾಗ ಒಬ್ಬ ಅಕ್ಕೋರು ಬಾಣಂತನಕ್ಕ ಹೋಗಿದ್ರು, ಅವರ ಬದಲಿಗೆ ನಾನು ಹೋಗಿದ್ದೆ. ಅದೂ ಅನುದಾನಿತ ಸಾಲಿನ. ಅಲ್ಲಿ ಹಿರ್ಯಾರು ಫಾದರ್, ಭಾಳ ಮೆತ್ತನ ಮನುಷ್ಯಾ.

ಹತ್ತನೇತ್ತೆ ಪರೀಕ್ಷಾ ಶುರು ಆಗೋ ದಿನ ಮುಂಜಾನೆ ಒಬ್ಬಾಕಿ ಮುದುಕಿ ಮೊಮ್ಮಗನ್ನ ಕರಕೊಂಡು ಬಂದ್ಲು. ಸೆರಗಿನ್ಯಾಗಿಂದ ಕಾಯಿ ತಗದ್ಲು, ಸಾಲಿ ಅಂಗಳದಾಗಿನ ಚರ್ಚಿನ ಪಾವಟಿಗಿ ಮ್ಯಾಲೆ ಟಪ್ ಅಂತ ಒಡದ್ಲು. ಫಾದರ್ ಓಡಿಬಂದ್ರು.

"ಅವ್ವಾರ, ಇಲ್ಲಿ ಕಾಯಿ ಒಡಿಯೂದಿಲ್ರಿ."

"ಯಾಕ, ಈ ದೇವ್ರಿಗೆ ಕಾಯಿ ಆಗಿಬರೂದಿಲ್ಲೇನು?"

"ನಮ್ಮಲ್ಲಿ ಆ ಪದ್ಧತಿ ಇಲ್ರಿ."

"ಈ ಸಾಲಿ ಮಾಸ್ತರಿಗೆ ಸರಕಾರ ಪಗಾರ ಕೊಡತೈತಿ ಹೌದಿಲ್ಲೋ?"

"ಹೌದ್ರಿ, ಅನುದಾನ ಐತಿ."

"ಸರಕಾರ ಅಂದ್ರ ನಾವ ಹೌದಿಲ್ಲೋ?"

ಫಾದರ್ ಏನಂತಾರ, "ಹೌದ್ರಿ" ಅಂದ್ರು.

"ಅಂದ ಮ್ಯಾಲೆ ಅರ್ಧಾ ದೇವ್ರು ನಮ್ದೂ ಆತು. ನಮ್ಮ ಅರ್ಧಾ ದೇವ್ರಿಗೆ ಅರ್ಧಾ ಕಾಯಿ ಇಟ್ಟೇನಿ. ಇನ್ನರ್ಧಾ ನೀ ಪುಠಾಣಿ ಹಾಕಿ ಚಟ್ನಿ ಮಾಡ್ಕೋ ಯಪ್ಪಾ" ಅಂತ ಒಂದು ಹೋಳು ಅವರ ಕೈಯಾಗ ಇಟ್ಲು, ಮೊಮ್ಮಗನ್ನ ಪರೀಕ್ಷಾಕ್ಕ ದಬ್ಬಿದ್ಲು, ಹೋದ್ಲು.

ಫಾದರ್ ಹೋಳು ತಿರುವಿ ಮುರುವಿ ನೋಡಿದ್ರು. ಆಮ್ಯಾಲೆ ನನ್ನ ಕಡೆ ತಿರುಗಿ ಸಣ್ಣ ದನಿಲೆ ಕೇಳಿದ್ರು: "ಅಕ್ಕೋರ, ನಿಮ್ಮ ಅಂಗಡ್ಯಾಗ ಪುಠಾಣಿ ಸಿಗತಾವೇನು?"

ಗಣಿತಕ್ಕ ಕೈ ಮುಗದ್ರು

ಈಗ ನಮ್ಮ ಮಠದ ಸಾಲಿಗೆ ಬರ್ರಿ. ಮಠಕ್ಕ ಒಂದು ಗಂಟಿ, ಸಾಲಿಗೆ ಒಂದು ಗಂಟಿ. ಎರಡೂ ಒಂದ ಕಂಚಗಾರ ಮಾಡಿದ್ದು, ಎರಡೂ ಒಂದ ದನಿ. ನಡುವ ಇರೂದು ಒಂದು ಅಂಗಳ, ಒಂದು ಬೇವಿನ ಗಿಡ. ಯಾವ ಗಂಟಿ ಬಾರಸ್ತು ಅಂತ ಕಿವಿಗೆ ತಿಳಿಯೂದಿಲ್ಲ.

ಮಠದಾಗ ಮಂಗಳಾರತಿ ಗಂಟಿ ಆತಂದ್ರ ನಮ್ಮ ಹುಡುಗರು ತಾಟು ಹಿಡಕೊಂಡು ಊಟಕ್ಕ ಓಡತಿದ್ವು. ನಾನು ವ್ಯಾಕರಣದ ನಡುವ ಚಾಕ್‌ಪೀಸ್ ಹಿಡಕೊಂಡು ಒಬ್ಬಾಕಿನ ನಿಲ್ಲತಿದ್ದೆ, ಸಂಧಿ ಆಗಿದ್ದು ಆಗಮ ಆತೋ ಲೋಪ ಆತೋ ಅಂತ.

ಇದು ಒಂದು ಕಡೆ ಆತು. ಒಂದಿನ ಹಾವೇರಿ ಕಡಿಯಿಂದ ಒಂದು ಗಾಡಿ ತುಂಬ ಭಕ್ತರು ಬಂದು ಮಠದ ಪಡಸಾಲ್ಯಾಗ ಕುಂತಿದ್ರು. ನಮ್ಮ ಸಾಲಿ ಸಿಪಾಯಿ, ಅಂದ್ರ ಜವಾನ, ಮೂರನೇ ಪಿರಿಯಡ್ ಗಂಟಿ ಬಾರಿಸಿದ. ಅಷ್ಟೂ ಮಂದಿ ಧಡಕ್ಕನ ಎದ್ದು, ಕಣ್ಣು ಮುಚ್ಚಿ, ಕೈ ಮುಗದು ನಿಂತ್ರು. ಒಬ್ಬಾಕಿಗೆ ಕಣ್ಣಾಗ ನೀರೂ ಬಂತು. ಮೂರನೇ ಪಿರಿಯಡ್ ಹೆಡ್ ಮಾಸ್ತರದು, ಅವರು ಕಲಸೂದು ಗಣಿತ. ಪುಸ್ತಕ ಬಗಲಾಗ ಇಟ್ಕೊಂಡು ಕ್ಲಾಸಿಗೆ ಹೊಂಟವರು ಕಿಟಕ್ಯಾಗಿಂದ ಇದನ್ನ ನೋಡಿ ಅಲ್ಲೇ ನಿಂತ್ರು.

"ನೋಡ್ರಿ ಅಕ್ಕೋರ," ಅಂದ್ರು, "ನನ್ನ ಸರ್ವಿಸ್‌ನ್ಯಾಗ ಗಣಿತದ ಗಂಟಿ ಆತು ಅಂತ ಅತ್ತವರನ್ನ ಭಾಳ ನೋಡೇನಿ. ಕೈ ಮುಗದವರನ್ನ ಇವತ್ತ ನೋಡಿದ್ದು."

ಸುಣ್ಣದ ಗೆರಿ

ಸಾಹೇಬ್ರು ಬರೋ ಸುದ್ದಿ ಬಂತು. ಹೆಡ್ ಮಾಸ್ತರಿಗೆ ನನಗಿಂತ ಹೆಚ್ಚು ಕಾಳಜಿ. "ಅಕ್ಕೋರ, ನಿಮ್ಮ ನೌಕರಿ ಪ್ರಶ್ನೆ. ಮಠ ಬ್ಯಾರೆ, ಸಾಲಿ ಬ್ಯಾರೆ ಅಂತ ಅವರ ಕಣ್ಣಿಗೆ ಕಾಣಬೇಕು" ಅಂದ್ರು, ಸಿಪಾಯಿ ಕಡೆಯಿಂದ ಅಂಗಳದ ನಟ್ಟ ನಡುವ ಸುಣ್ಣದ ಗೆರಿ ಹೊಡಿಸಿಬಿಟ್ರು. ಈ ಕಡೆ ಸಾಲಿ, ಆ ಕಡೆ ಮಠ.

ಗೆರಿ ಹೊಡದ ಮ್ಯಾಲೆ ತಿಳೀತು, ನೀರಿನ ನಳ ಮಠದ ಕಡೆ ಹೋಗೇತಿ, ಪಾಯಖಾನಿ ಸಾಲಿ ಕಡೆ ಬಂದೈತಿ. ಹುಡುಗರು ಗೆರಿ ಹತ್ರ ಬಂದು ನಿಂತು, "ಸರ್, ನೀರು ಕುಡಿಯಾಕ ಮಠಕ್ಕ ಹೋಗಲೇನ್ರಿ?" ಅಂತ ಕೇಳಾಕತ್ವು. ಆ ಕಡೆಯಿಂದ ಮಠದ ಸೇವಕರು ಚೊಂಬು ಹಿಡಕೊಂಡು ಬಂದು, "ಸರ್, ನಾವು ಸರಕಾರಕ್ಕ ಬರಬೇಕಾಗೇತ್ರಿ, ಲಗೂ ಹೇಳ್ರಿ" ಅಂತ ಕೇಳಾಕತ್ರು. ಹೆಡ್ ಮಾಸ್ತರು ತಲಿ ಕೆರಕೊಂಡು, "ನೀರಿಗೂ ಅದಕ್ಕೂ ಧರ್ಮ ಇಲ್ಲ, ಹೋಗ್ರಪ್ಪ" ಅಂದ್ರು.

ಮಧ್ಯಾಹ್ನ ಆಗೂದ್ರಾಗ ಹುಡುಗರಿಗೆ ಆ ಗೆರಿ ಏನು ಅಂತ ಅವರದ ರೀತಿಲೆ ತಿಳದಿತ್ತು. ಕಬಡ್ಡಿ ಶುರು. ಒಂದು ಟೀಮಿನ ಹೆಸರು ಸರಕಾರ, ಇನ್ನೊಂದು ಟೀಮಿನ ಹೆಸರು ಮಠ. "ಸರಕಾರದ ಕಾಲು ಹಿಡೀಲೇ", "ಮಠದಾಗ ನಾಕ ಮಂದಿ ಉಳದಾರ, ನುಗ್ಗು" ಅಂತ ಕೂಗು ರಸ್ತಾದ ತನಕ ಕೇಳಾಕತ್ತಿತ್ತು. ಅಷ್ಟರಾಗ ಅಜ್ಜಾರು ಹೊರಗ ಬಂದ್ರು. ಹೆಡ್ ಮಾಸ್ತರ ಮಾರಿ ಆ ಗೆರಿಗಿಂತ ಬೆಳ್ಳಗ ಆತು.

ಅಜ್ಜಾರು ಸೀದಾ ಗೆರಿ ಹತ್ರ ಬಂದ್ರು. ಸ್ವಲ್ಪ ಹೊತ್ತು ನಿಂತು ನೋಡಿದ್ರು. ಸರಕಾರದ ಹುಡುಗನ್ನ ಮಠದವರು ನಾಕು ಮಂದಿ ಕೆಡವಿ ಕುಂತಿದ್ರು, ಔಟ್ ಅಂತ ಕುಣದಾಡಾಕತ್ತಿದ್ರು. "ತಡೀರಿ, ಅವನ ಕೈ ಬೆರಳು ನೋಡ್ರಿ. ಗೆರಿ ಮುಟ್ಟ್ಯಾನ" ಅಂದ್ರು ಅಜ್ಜಾರು. "ನಾಕೂ ಮಂದಿ ಔಟ್. ಮಠ ಸೋತೈತಿ."

ಸೋತ ಟೀಮಿನ ಒಬ್ಬಾಂವ ಧೂಳು ಝಾಡಿಸ್ಕೋತ ನನ್ನ ಹತ್ರ ಬಂದು ಗುಟ್ಟು ಹೇಳಿದ: "ಅಕ್ಕೋರ, ನಮ್ಮ ಅಜ್ಜಾರನ್ನ ಸರಕಾರದವರು ಒಳಗ ಹಾಕ್ಕೊಂಡಾರ."

ಹುಡುಗಿ ಇನ್ನೂ ಓದಬೇಕ್ರಿ

ಅನುದಾನಿತ ಸಾಲ್ಯಾಗ ಪ್ರಾರ್ಥನಿ ಇರಬಹುದು, ಆದ್ರ ಮನಿಯವರ ಒಪ್ಪಿಗಿ ಇಲ್ಲದ ಯಾವ ಹುಡುಗರನ್ನೂ ಅದಕ್ಕ ನಿಲ್ಲಸಬಾರದು. ಈ ನಿಯಮ ಹೆಡ್ ಮಾಸ್ತರಿಗೆ ಬಾಯಿಪಾಠ. ಸಿಪಾಯಿನ್ನ ಕರದು, "ಎಲ್ಲಾರ ಮನಿಗೆ ಹೋಗು, ಪ್ರಾರ್ಥನಿ ವಿಷಯಕ್ಕ ಒಪ್ಪಿಗಿ ಬೇಕಾಗೇತಿ, ಹಿರ್ಯಾರು ಬರ್ರಿ ಅಂತ ಹೇಳು" ಅಂದ್ರು. ಸಿಪಾಯಿ ಪ್ರಾರ್ಥನಿ ಅನ್ನೂದನ್ನ ಅರ್ಧಾ ದಾರ್ಯಾಗ ಮರತ. "ನಿಮ್ಮ ಹುಡುಗಿ ವಿಷಯಕ್ಕ ಒಪ್ಪಿಗಿ ಬೇಕಂತ, ಹಿರ್ಯಾರು ಬರಬೇಕಂತ" ಅಂದು ಬಂದ.

ಮರುದಿನ ಮುಂಜಾನೆ ಒಂದು ಟಂಟಂ ಬಂತು. ಅದರಾಗಿಂದ ಒಬ್ಬ ಹುಡುಗಿ ತಾಯಿ, ಆ ತಾಯಿ ಮೂರು ಮಂದಿ ಅಣ್ಣತಮ್ಮರು ಇಳದ್ರು. ಯಾರ ಮಾರ್ಯಾಗೂ ನಗು ಇಲ್ಲ.

"ಬರ್ರಿ, ಕುಂದರ್ರಿ. ಒಪ್ಪಿಗಿ ಕೊಡಾಕ ಬಂದ್ರೇನು?" ಅಂದ್ರು ಹೆಡ್ ಮಾಸ್ತರು.

"ಕೊಡೂದಿಲ್ಲ ಅಂತ ಹೇಳಾಕ ಬಂದೇವಿ. ಒಂಬತ್ತನೇತ್ತೆ ಹುಡುಗಿ ರೀ ಅದು."

"ಒಂಬತ್ತನೇತ್ತೆ ಯಾಕ, ಎಂಟನೇತ್ತೇದವರೂ ಒಪ್ಪ್ಯಾರ."

ತಾಯಿ ಎದಿ ಮ್ಯಾಲೆ ಕೈ ಇಟ್ಕೊಂಡ್ಲು. "ಎಂಟನೇತ್ತೇದವ್ರು? ಸಾಲಿ ಏನ್ರೀ ಇದು? ನಮ್ಮ ಹುಡುಗಿ ಇನ್ನೂ ಓದಬೇಕ್ರಿ, ನರ್ಸ್ ಆಗತೇನಿ ಅಂತಾಳ."

"ಓದಲಿ ಬಿಡ್ರಿ, ಯಾರು ಬ್ಯಾಡಂದ್ರು? ಇದು ದಿನಾ ಐದು ನಿಮಿಷದ ಕೆಲಸ."

ದೊಡ್ಡಣ್ಣ ಎದ್ದು ನಿಂತ. "ಮದಿವಿ ಅಂದ್ರ ಐದು ನಿಮಿಷದ ಕೆಲಸೇನ್ರೀ ಮಾಸ್ತರ?"

ನಾನು ನಡುವ ಬಿದ್ದು ತಿಳಿಸಿ ಹೇಳೂದ್ರಾಗ ಸಿಪಾಯಿ ಅಂಗಳ ಬಿಟ್ಟು ಎಲ್ಲಿಗೋ ಓಡಿಹೋಗಿದ್ದ. ತಿಳದ ಮ್ಯಾಲೆ ಎಲ್ಲಾರೂ ನಕ್ಕೋತ ಚಾ ಕುಡದ್ರು. ಚಾ ಕುಡಿಯಾಕ ಕುಂತವರ ಹಿಂದ ಒಬ್ಬಾಂವ ಆಟೋದವ ನಿಂತಿದ್ದ, ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಸಾಗಸಾಂವ, ಮುಸಲ್ಮಾನ. ಅವನ ಮಗಳು ನನ್ನ ಕ್ಲಾಸಿನ್ಯಾಗ ಎಲ್ಲಾರಕಿಂತ ಚೊಲೋ ವಚನ ಹೇಳತಾಳ. ಹೆಡ್ ಮಾಸ್ತರು ಅವನ ಕಡೆ ತಿರುಗಿ ಭಾಳ ಹುಷಾರಿಲೆ, "ನಿಮ್ಮದು ಹೆಂಗಪಾ? ನಮ್ಮ ಒತ್ತಾಯ ಏನೂ ಇಲ್ಲ" ಅಂದ್ರು.

"ನಮ್ಮ ಒಪ್ಪಿಗಿ ಐತ್ರಿ ಸರ್," ಅಂದ ಅವ. "ಆದ್ರ ಆಕಿನ್ನ ಎಲ್ಲಾರ ಮುಂದ ನಿಲ್ಲಸ್ರಿ. ಕುಳ್ಳಿ ಅದಾಳ. ಹಿಂದ ನಿಂತ್ರ ನಿಮ್ಮ ದೇವ್ರಿಗೂ ಕಾಣೂದಿಲ್ಲ, ನಮ್ಮ ದೇವ್ರಿಗೂ ಕಾಣೂದಿಲ್ಲ."

ಹಿರೇಸಂಸ್ಥೆ

ಸಾಹೇಬ್ರು ನಾಳೆ ಬರತಾರ ಅಂದಾಗ ಹೆಡ್ ಮಾಸ್ತರು ಹುಡುಗರಿಗೆ ತಾಲೀಮು ಶುರು ಮಾಡಿದ್ರು. "ನಾಳೆ ಮಠ ಅನ್ನಬ್ಯಾಡ್ರಿ, ಸಂಸ್ಥೆ ಅನ್ರಿ. ಸ್ವಾಮಿಗಳು ಅಂತೂ ಅನ್ನಲೇಬ್ಯಾಡ್ರಿ." ನಾನಂದೆ, "ಸರ್, ಇದ್ದದ್ದು ಇದ್ದಂಗ ಹೇಳ್ಲಿ ಬಿಡ್ರಿ, ನಾವೇನು ಕಳುವು ಮಾಡೇವೇನು?" ಅವರು ಕೇಳಲಿಲ್ಲ.

"ಈ ಕಟ್ಟಡ ಯಾರದು?"

"ಸಂಸ್ಥೇದು ಸರ್."

"ಶಾಣ್ಯಾ. ನೀ ದಿನಾ ಯಾವ ದಾರಿಲೆ ಬರತಿ?"

"ಸಂಸ್ಥೆ ಹಿಂದಿನ ಓಣಿಲೆ ಸರ್."

"ಭೇಷ್. ನಿನ್ನ ಹೆಸರು ಅಡ್ಡಹೆಸರು ಹಚ್ಚಿ ಹೇಳು."

ಈಗ ಒಂದು ಮಾತು. ನಮ್ಮ ಕಡೆ ಹಿರೇಮಠ ಅನ್ನೋ ಅಡ್ಡಹೆಸರು ಊರಿಗೆ ಹತ್ತು ಮನಿ ಇರತಾವ. ಆ ಹುಡುಗನೂ ಹಿರೇಮಠನ. ಅವ ಬಾಯಿ ತಗದ, ನೆನಪು ಮಾಡ್ಕೊಂಡ, ತಡದ, ಆಮ್ಯಾಲೆ ಎದಿ ಉಬ್ಬಿಸಿ ಅಂದ: "ಹಿರೇಸಂಸ್ಥೆ ಸರ್."

ಕ್ಲಾಸಿಗೆ ಕ್ಲಾಸ ನಕ್ಕಿತು. ಆ ಹುಡುಗ ಮಾತ್ರ ನಗಲಿಲ್ಲ, ಅವನಿಗೆ ಖರೇನ ಒಂದು ಸಂಶೆ ಬಂದಿತ್ತು. ಯಾಕಂದ್ರ ನಮ್ಮ ಹೆಡ್ ಮಾಸ್ತರ ಅಡ್ಡಹೆಸರು ಸಾಲಿಮಠ. ಸಾಲಿ, ಮಠ, ಎರಡೂ ಕೂಡೇ. ಹುಟ್ಟಿದಾಗಿಂದ ಹಂಗ.

"ಸರ್, ನಾಳೆ ನೀವು ನಿಮ್ಮ ಹೆಸರಿನ ನಡುವನೂ ಸುಣ್ಣ ಹೊಡೀತೀರೇನ್ರಿ?"

ಅಜ್ಜಾರಿಗೆ ಎಷ್ಟು ಮೊಮ್ಮಕ್ಕಳು

ಸಾಹೇಬ್ರು ಬಂದ್ರು. ಮೈಸೂರು ಕಡೆಯವರು, ಈ ಕಡೆಗೆ ಹೊಸಬರು. ಜೀಪ್ ಇಳದ ಕೂಡ್ಲೆ ಸೀನಿದ್ರು, ಮಠದ ಹಿಂದ ಮೆಣಸಿನಕಾಯಿ ಒಣಗಾಕ ಹಾಕಿದ್ರು. ಸೀನ್ಕೋತ ನನ್ನ ಕ್ಲಾಸಿಗೆ ಬಂದು ಹಿಂದಿನ ಬೆಂಚಿನ್ಯಾಗ ಕುಂತ್ರು. ನಾನು ಪಾಠ ಶುರು ಮಾಡಿದೆ, ಅವತ್ತಿನ ಪಾಠ ವಚನ. ಹೆಡ್ ಮಾಸ್ತರು ಬಾಗಲದಾಗ ನಿಂತು ಬ್ಯಾಡ ಬ್ಯಾಡ ಅಂತ ಕೈ ಸನ್ನಿ ಮಾಡಾಕತ್ತಿದ್ರು. ನಾನ್ಯಾಕ ಬಿಡ್ಲಿ, ಪಾಠ ಅಂದ್ರ ಪಾಠ.

ಮುಗದ ಮ್ಯಾಲೆ ಸಾಹೇಬ್ರು ಕೇಳಿದ್ರು, "ಏನಮ್ಮ, ಇದು ಧರ್ಮದ ಪಾಠ ಆಗಲ್ವಾ?"

"ಅಲ್ರಿ ಸರ್, ಕನ್ನಡದ ಪಾಠ. ಪುಸ್ತಕ ಸರಕಾರದ್ದು, ಪರೀಕ್ಷಾನೂ ಸರಕಾರದ್ದು. ಪರೀಕ್ಷಾದಾಗ ನಾವು ಅರ್ಥ ಅಷ್ಟ ಕೇಳತೇವ್ರಿ, ನಂಬಿಕಿ ಕೇಳೂದಿಲ್ಲ."

ಸಾಹೇಬ್ರು ತಲಿ ಅಲ್ಲಾಡಿಸಿದ್ರು. ಚೊಲೋ ಅಲ್ಲಾಡಿಸಿದ್ರು, ಮ್ಯಾಲೆ ಕೆಳಗ. ಅರ್ಧಾ ನೌಕರಿ ಆತು ಅಂದ್ಕೊಂಡೆ. ಆಮ್ಯಾಲೆ ಅವರು ಹುಡುಗರ ಕಡೆ ತಿರುಗಿದ್ರು.

"ಏನಪ್ಪಾ, ಈ ಕಟ್ಟಡ ಯಾರದ್ದು?"

ಹುಡುಗಗ ಸಂಸ್ಥೆ ಅನ್ನೋ ಶಬ್ದ ಮರತುಹೋತು. ಮಠ ಅನ್ನಂಗಿಲ್ಲ, ಸ್ವಾಮಿಗಳು ಅನ್ನಂಗಿಲ್ಲ. ಉಳದದ್ದು ಒಂದ ಶಬ್ದ. "ಅಜ್ಜಾರದು ರೀ."

"ಓ, ನಿಮ್ಮಜ್ಜ ಕಟ್ಟಿಸಿದ್ದಾ? ಒಳ್ಳೇದು. ನೀನು ಹೇಳಪ್ಪ, ಊಟದ ಜೊತೆ ಮಜ್ಜಿಗೆ ಯಾರು ಕೊಡ್ತಾರೆ?"

"ಅಜ್ಜಾರು ರೀ."

"ಇವನ ಅಜ್ಜಾನೇ?"

"ನಮಗೂ ಅವರ ಅಜ್ಜಾರು ರೀ."

ಸಾಹೇಬ್ರು ಮುಂದಿನ ಬೆಂಚಿನ ಹುಡುಗಿನ್ನ ನೋಡಿದ್ರು, ಆಟೋದವನ ಮಗಳು. "ನಿನ್ನ ಹೆಸರೇನಮ್ಮ?" ಅಂದ್ರು. ಆಕಿ ಹೆಸರು ಹೇಳಿದ್ಲು. ಮುಸಲ್ಮಾನರ ಹೆಸರು ಕೇಳಿ ಸಾಹೇಬ್ರಿಗೆ ಸ್ವಲ್ಪ ಧೈರ್ಯ ಬಂತು. "ನಿನಗೆ ಬೇರೆ ಅಜ್ಜ ಇದಾರೆ, ಅಲ್ವಾ?"

"ಇಲ್ರಿ, ನಮಗೂ ಅವರ."

ಸಾಹೇಬ್ರು ಎದ್ದು ನಿಂತ್ರು. "ಏನ್ರೀ ಹೆಡ್ ಮಾಸ್ಟ್ರೇ, ಇಡೀ ಕ್ಲಾಸು ಒಂದೇ ಮನೆಯವರಾ? ಒಬ್ಬ ಮನುಷ್ಯನ ಮೊಮ್ಮಕ್ಕಳನ್ನ ತುಂಬಿಸಿ ಸರ್ಕಾರದ ಅನುದಾನ ತಗೊಳ್ತಾ ಇದೀರಾ?"

ನನ್ನ ಕಣ್ಣ ಮುಂದ ಬೆಲ್ಲದ ಪೆಂಟಿ ಬಂತು. ಹೆಡ್ ಮಾಸ್ತರು ಬೆವತು, "ಮನಿ ಬ್ಯಾರೆ ಬ್ಯಾರೆ ರೀ ಸರ್, ಅಜ್ಜಾರಷ್ಟ ಒಬ್ರು" ಅಂದ್ರು.

"ಅದು ಹೇಗ್ರೀ ಸಾಧ್ಯ? ಎಷ್ಟು ಜನ ಹೆಂಡ್ತೀರು ಅವರಿಗೆ?"

ಹೆಡ್ ಮಾಸ್ತರು ಎರಡೂ ಕಿವಿ ಮುಚ್ಕೊಂಡ್ರು. "ಶಿವ ಶಿವ. ಅವರಿಗೆ ಮದಿವಿನ ಆಗಿಲ್ರಿ ಸರ್."

ಸಾಹೇಬ್ರು ಕುಂತ್ರು. ನಾನು ಬಿಡಿಸಿ ಹೇಳಬೇಕು ಅನ್ನೂದ್ರಾಗ ಆ ಹುಡುಗಿ ಓಡಿಹೋಗಿ ಅಜ್ಜಾರನ್ನ ಕರಕೊಂಡ ಬಂದಬಿಟ್ಲು. ನಮ್ಮ ಅಜ್ಜಾರಿಗೆ ಇನ್ನೂ ಮೂವತ್ತು ತುಂಬಿಲ್ರಿ. ಕಪ್ಪು ಗಡ್ಡ, ಗಟ್ಟಿ ಆಳು. ಸಾಹೇಬ್ರು, "ಇವರು ಯಾರು?" ಅಂದ್ರು. ಕ್ಲಾಸಿಗೆ ಕ್ಲಾಸ ಎದ್ದು ನಿಂತು, "ಅಜ್ಜಾರು ರೀ" ಅಂತು.

ಸಾಹೇಬ್ರು ಅವರ ಗಡ್ಡ ನೋಡಿದ್ರು, ಕಾವಿ ನೋಡಿದ್ರು, ಹುಡುಗರನ್ನ ನೋಡಿದ್ರು, ಕಡೀಕ ನನ್ನ ನೋಡಿದ್ರು. ನಾನು ಒಂದ ಉಸುರಿಗೆ ಎಲ್ಲಾ ಹೇಳಿದೆ: "ಸರ್, ಈ ಕಡೆ ಸ್ವಾಮಿಗಳಿಗೆ ಅಜ್ಜಾರು ಅಂತೇವ್ರಿ, ನನಗ ಅಕ್ಕೋರು ಅಂತಾರ, ನಿಮಗ ಸಾಹೇಬ್ರು ಅಂತಾರ, ಯಾರಿಗೂ ಯಾರೂ ರಕ್ತಸಂಬಂಧ ಅಲ್ರಿ."

ಸಾಹೇಬ್ರು ನಗಲಿಲ್ಲ. ಆ ಹುಡುಗಿಗೆ ಕೇಳಿದ್ರು, "ಪ್ರಾರ್ಥನೆಗೆ ನಿಲ್ಲಲೇಬೇಕಾ ನೀನು?"

"ಇಲ್ರಿ. ಬ್ಯಾಡಾದವ್ರು ಲೈಬ್ರರ್ಯಾಗ ಕುಂದರತಾರ. ನಾನೂ ಒಂದಿನ ಕುಂತಿದ್ದೆ, ಬ್ಯಾಸರಾತು."

ಆಮ್ಯಾಲೆ ಅಜ್ಜಾರ ಕಡೆ ತಿರುಗಿ ಅವರು ಕೇಳಿದ್ದು ಕಡೇ ಪ್ರಶ್ನೆ. "ಸ್ವಾಮೀಜಿ, ಇಲ್ಲಿ ಸರ್ಕಾರಕ್ಕೂ ಮಠಕ್ಕೂ ಏನು ಸಂಬಂಧ? ನೇರವಾಗಿ ಹೇಳಿ."

"ಬೀಗತನ ರೀ," ಅಂದ್ರು ಅಜ್ಜಾರು. "ಈ ಅಕ್ಕೋರು ನಿಮ್ಮ ಮನಿ ಮಗಳು ಅಂತ ತಿಳೀರಿ. ಹೊಟ್ಟಿ ಬಟ್ಟಿ ನೀವು ನೋಡತೀರಿ, ಇರಾಕ ಮನಿ ನಾವು ಕೊಟ್ಟೇವಿ. ನೀವು ಬಂದ್ರ ಪಡಸಾಲ್ಯಾಗ ಕುಂದರಬೇಕು, ಉಣಬೇಕು, ಮಗಳು ಹೆಂಗದಾಳ ಅಂತ ಕೇಳಬೇಕು. ನಮ್ಮ ದೇವರ ಮನ್ಯಾಗ ಇಣಕಬಾರದು. ನಾವೂ ಅಷ್ಟ, ನಿಮ್ಮ ಮನಿಗೆ ಬಂದು ಸಾರಿಗೆ ಉಪ್ಪು ಹೆಚ್ಚಾತು ಅನಬಾರದು. ಒಬ್ಬರಿಗೊಬ್ಬರು ಮರ್ಯಾದಿ ಕೊಡಬೇಕು, ಒಂದ ಮನ್ಯಾಗ ಸಂಸಾರ ಮಾಡಬಾರದು. ಬೀಗರು ಒಂದ ಒಲಿ ಹಚ್ಚಿದ್ರ ಬೀಗತನ ಉಳದದ್ದು ಎಲ್ಲ್ಯಾರ ಐತೇನ್ರಿ?"

ಸಾಹೇಬ್ರು ಎದ್ದು ಹೊರಗ ಬಂದ್ರು. ಹುಡುಗರ ಜೋಡಿ ಕುಂತು ಊಟ ಮಾಡಿದ್ರು, ಎರಡು ಗ್ಲಾಸು ಮಜ್ಜಿಗಿ ಕುಡದ್ರು, ಕೈ ತೊಳಕೊಂಡ್ರು. ಒಪ್ಪಿಗಿ ಐತಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾನು ಕಿಟಕಿ ಹತ್ರ ನಿಂತು ನೋಡಾಕತ್ತಿದ್ದೆ. ಅವರಿಗೆ ಮ್ಯಾಲಿನ ಸಾಹೇಬ್ರಿಗೆ ಫೋನ್ ಹಚ್ಚಬೇಕಾಗಿತ್ತು. ನಮ್ಮ ಅಂಗಳದಾಗ ನೆಟ್‌ವರ್ಕ್ ಸಿಗೂದು ಒಂದ ಕಡೆ, ಬೇವಿನ ಗಿಡದ ಕೆಳಗ, ಸುಣ್ಣದ ಗೆರಿ ಮ್ಯಾಲೆ. ಒಂದು ಕಾಲು ಸರಕಾರದಾಗ, ಒಂದು ಕಾಲು ಮಠದಾಗ ಇಟ್ಕೊಂಡು ಸಾಹೇಬ್ರು ದೊಡ್ಡ ದನಿಲೆ ಮಾತಾಡಾಕತ್ರು. ಈ ಕಡೆ ಮಾತು ಅಷ್ಟ ಕೇಳತಿತ್ತು, ಅದು ಹಿಂಗಿತ್ತು:

"ಹಲೋ, ಸರ್, ನೋಡಿದೆ ಸರ್. ಎಲ್ಲಾ ಸರಿ ಇದೆ. ಬಲವಂತ ಏನೂ ಇಲ್ಲ. ಹಾಂ? ಮಕ್ಕಳಾ? ಮಕ್ಕಳು ಬೇರೆ ಬೇರೆ ಮನೆಯವರು ಸರ್, ಅಜ್ಜ ಮಾತ್ರ ಒಬ್ಬರೇ. ಇಲ್ಲ ಸರ್, ಅಜ್ಜನಿಗೆ ವಯಸ್ಸಾಗಿಲ್ಲ, ನನಗಿಂತ ಚಿಕ್ಕವರು. ಮದುವೆ ಆಗಿಲ್ಲ ಸರ್. ನಾವಾ? ನಾವು ಅವರಿಗೆ ಬೀಗರಾಗಬೇಕಂತೆ. ಹುಡುಗಿನಾ? ನೋಡಿದೆ ಸರ್, ತುಂಬಾ ಚೆನ್ನಾಗಿ ಮಾತಾಡ್ತಾಳೆ, ನನ್ನ ಕಡೆಯಿಂದ ಪೂರ್ತಿ ಒಪ್ಪಿಗೆ."

ಆ ಕಡೆಯವರು ಭಾಳ ಹೊತ್ತು ಏನೋ ಅಂದ್ರು. ಸಾಹೇಬ್ರು ಗೆರಿ ಮ್ಯಾಲೆ ನೆಟ್ಟಗ ನಿಂತ್ರು.

"ಛೇ ಛೇ, ಇಲ್ಲ ಸರ್. ಮಜ್ಜಿಗೆ ಮಾತ್ರ ಕುಡಿದಿದ್ದು."